ಉಳುಕು

ಕುತ್ತಿಗೆ, ಕೀಲು, ನಡ ತಟ್ಟನೆ ತಿರುಚಿ ಹಿಡಿದುಕೊಂಡರೆ ಅದು ಉಳುಕು. ಅಚ್ಚ ದ್ರಾವಿಡ ಮಾತು. ಮಲಯಾಳದಲ್ಲಿಯೂ ಇದು ‘ಉಳುಕ್ಕ್’. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲರಿಗೆ, ರಾಣೆಬೆನ್ನೂರು, ಹಾವೇರಿಯ ಸುತ್ತ ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ‘ನಡ ಉಳುಕೈತಿ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಇದರ ಜೋಡಿ ಕ್ರಿಯಾಪದ ‘ತೆಗೆ’: ಉಳುಕು ತೆಗೆಸುವುದು. ಎಣ್ಣೆ ಹಚ್ಚಿ ನೀವಿ, ಎಳೆದು ತೆಗೆಯುವವರಿದ್ದಾರೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹೋಗುತ್ತದೆಂಬ ನಂಬಿಕೆಯೂ ಉಂಟು. ಒಳಗೆ ಸಿಕ್ಕಿಕೊಂಡದ್ದನ್ನು ಕೈ ಬಿಡಿಸಬಲ್ಲದು ಎಂಬ ತಿಳಿವಳಿಕೆ ಈ ಮಾತಿನೊಳಗೇ ಇದೆ.

ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ 1895ರಲ್ಲಿ ಡಿ.ಡಿ. ಪಾಮರ್ ಆರಂಭಿಸಿದ ಕೈರೋಪ್ರಾಕ್ಟಿಕ್‌ ಎಂಬ ಕೈಚಿಕಿತ್ಸೆಯ ಪದ್ಧತಿಗೂ ಇದೇ ತಿಳಿವಳಿಕೆ ನೆಲೆ. ಗ್ರೀಕಿನ ‘ಕೈರ್’ ಎಂದರೂ ಕೈಯೇ. ನಮ್ಮ ‘ಕೈ’ಗೆ ಅದರ ನಂಟಿಲ್ಲ, ದನಿಯಷ್ಟೇ ಹತ್ತಿರ. ಬಹುಪಾಲು ರೋಗಗಳಿಗೆ ಬೆನ್ನುಮೂಳೆಯ ಮಣಿ ಜರುಗಿದ್ದೇ ಕಾರಣವೆಂದು ಪಾಮರ್ ವಾದಿಸಿದ. ಅದಕ್ಕೆ ಪುರಾವೆ ಸಿಗಲಿಲ್ಲ. ಇಂದು ಆ ಪದ್ಧತಿ ಹೆಚ್ಚಾಗಿ ಬೆನ್ನು, ಕುತ್ತಿಗೆ ನೋವಿಗೆ ಬಳಕೆಯಲ್ಲಿದೆ. ಎಲ್ಲ ರೋಗಕ್ಕೂ ಮದ್ದೆಂಬ ಮಾತನ್ನು ಆ ಪದ್ಧತಿಯ ಅನೇಕರೇ ಕೈಬಿಟ್ಟಿದ್ದಾರೆ. ನಮ್ಮ ‘ಉಳುಕು’ ಮೊದಲಿನಿಂದಲೂ ಅಷ್ಟು ದೊಡ್ಡ ಮಾತು ಆಡಿಲ್ಲ.

ನಡನೋವಿನೊಂದಿಗೆ ಕಾಲು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಅದನ್ನು ಉಳುಕು ಎನ್ನಬೇಡಿ. ಯಾರಿಂದಲೂ ತಿಕ್ಕಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ.