ಅತಿಭಾರದ ಧಾತುಗಳಿಗೆ ನ್ಯೂಟ್ರಾನ್ ಬರ

ಯುರೇನಿಯಂ ದಾಟಿದ ಧಾತುಗಳನ್ನು ಮಾಡಲು ಮೊದಲು ಸಿಕ್ಕ ದಾರಿ ನ್ಯೂಕ್ಲಿಯಸ್ಸಿಗೆ ನ್ಯೂಟ್ರಾನ್ ಉಣಿಸುತ್ತ ಹೋಗುವುದು. ಅದು 100ನೆಯ ಫರ್ಮಿಯಂ ಹೊತ್ತಿಗೆ ಮುಗಿಯಿತು. ಅಲ್ಲಿಂದಾಚೆ ಎರಡು ನ್ಯೂಕ್ಲಿಯಸ್ಸುಗಳನ್ನು ಒಂದಕ್ಕೊಂದು ಅಪ್ಪಳಿಸಿ ಬೆಸೆಯಬೇಕಾಯಿತು.

ಈ ಬೆಸುಗೆಗೆ ಗಂಡಾಂತರಗಳು ಹಲವು. ಎರಡರಲ್ಲೂ ಧನವಿದ್ಯುದಂಶವಿರುವುದರಿಂದ ಒಂದನ್ನೊಂದು ತಳ್ಳುತ್ತವೆ. ಆ ತಡೆ ದಾಟಿ ತಾಗಿದರೂ ಬಹಳಷ್ಟು ಸಲ ನಾಲ್ಕಾರು ಕಣಗಳನ್ನು ಅದಲುಬದಲು ಮಾಡಿಕೊಂಡು ಬೇರೆಯಾಗಿಬಿಡುತ್ತವೆ. ಪೂರ್ತಿ ಒಂದಾದ ನ್ಯೂಕ್ಲಿಯಸ್ಸೂ ಕಾದು ಕುದಿಯುತ್ತಿರುತ್ತದೆ. ಒಡೆಯುವ ಮುನ್ನ ಕೆಲವು ನ್ಯೂಟ್ರಾನ್ ಉಗುಳಿ ತಣ್ಣಗಾದರಷ್ಟೇ ಅದಕ್ಕೆ ಉಳಿಗಾಲ. 114 ಪ್ರೋಟಾನ್, 184 ನ್ಯೂಟ್ರಾನ್ ಸೇರಿದರೆ ಒಳಗಿನ ಕವಚರಚನೆಯೇ ಅದನ್ನು ಕಾಪಾಡೀತೆಂದು 1960ರ ದಶಕದ ಲೆಕ್ಕಾಚಾರಗಳು ಹೇಳಿದವು. ‘ಸ್ಥಿರತೆಯ ದ್ವೀಪ’ ಎಂದರೆ ಇದೇ.

ಕಾವನ್ನೇ ತಗ್ಗಿಸುವ ಉಪಾಯ ತೋರಿದವರು ರಷ್ಯಾದ ದುಬ್ನಾದ ಯೂರಿ ಒಗನೆಸ್ಸಿಯನ್. 1974ರಲ್ಲಿ ಅವರು ಸೀಸವನ್ನು ಗುರಿಯಾಗಿಟ್ಟರು; ಬೆಸೆದ ನ್ಯೂಕ್ಲಿಯಸ್ ಅಷ್ಟಾಗಿ ಕಾಯಲಿಲ್ಲ. ಇದೇ ಜಾಡಿನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ 1981ರಿಂದ 1996ರೊಳಗೆ 107ರಿಂದ 112ರವರೆಗಿನ ಧಾತುಗಳನ್ನು ಪಡೆಯಿತು. ಆದರೆ ಹಾರಿಬಿಡುವ ನ್ಯೂಕ್ಲಿಯಸ್ ಭಾರವಾದಷ್ಟೂ ಫಲ ಕಡಿಮೆ. ಜಪಾನಿನ ರಿಕೆನ್ ಸಂಸ್ಥೆ ಬಿಸ್ಮತ್ ಮೇಲೆ ಸತು ಹಾಯಿಸಿ, ಒಂಬತ್ತು ವರ್ಷಗಳಲ್ಲಿ ಕಂಡದ್ದು 113ನೆಯ ಧಾತುವಿನ ಮೂರೇ ಪರಮಾಣು. ಬೆಟ್ಟ ಅಗೆದು ಇಲಿ ಹಿಡಿದರೆಂದು ನಗುವಂತಿಲ್ಲ, ನಿಹೋನಿಯಂ ಎಂದು ಹೆಸರಿಡುವ ಹಕ್ಕು ಬಂದದ್ದು ಆ ಮೂರರಿಂದಲೇ.

ದುಬ್ನಾ ಅಷ್ಟರಲ್ಲಿ ಕ್ಯಾಲ್ಸಿಯಂ-48ರತ್ತ ತಿರುಗಿತ್ತು. ನಿಸರ್ಗದ ಕ್ಯಾಲ್ಸಿಯಂನಲ್ಲಿ ಇದು ಶೇ. 0.2ರಷ್ಟೂ ಇಲ್ಲ, ಆದರೆ 20 ಪ್ರೋಟಾನಿಗೆ 28 ನ್ಯೂಟ್ರಾನ್ ಇರುವ ಶ್ರೀಮಂತ. ಪ್ಲುಟೋನಿಯಂನಂಥ ಭಾರದ ಗುರಿಗೆ ಬಡಿದಾಗ ಕಾವು ಹೆಚ್ಚಿ ಮೂರು-ನಾಲ್ಕು ನ್ಯೂಟ್ರಾನ್ ಹೋದರೂ ಕೈಯಲ್ಲಿ ಇನ್ನಷ್ಟು ಉಳಿಯುತ್ತವೆ. 114ರಿಂದ 118ರವರೆಗೆ ದಕ್ಕಿದ್ದು ಹೀಗೆ. 117ಕ್ಕೆ ಬೇಕಾದ ಬರ್ಕೀಲಿಯಂ ತಯಾರಾದದ್ದು ಅಮೆರಿಕದ ಓಕ್ ರಿಡ್ಜ್‌ನಲ್ಲಿ: ರಿಯಾಕ್ಟರಿನಲ್ಲಿ 250 ದಿನ, ಶುದ್ಧೀಕರಣಕ್ಕೆ 90 ದಿನ, ಕೊನೆಗೆ ಸಿಕ್ಕಿದ್ದು 22 ಮಿಲಿಗ್ರಾಂ. ಸುಮಾರು 330 ದಿನಕ್ಕೆ ಅದರಲ್ಲೂ ಅರ್ಧ ಕರಗಿಹೋಗುತ್ತದೆ. ಇಂಥ ಸರಕನ್ನು ಕಾಗದಪತ್ರ ಸರಿಯಿಲ್ಲವೆಂದು ರಷ್ಯಾದ ಸುಂಕದವರು ಎರಡು ಸಲ ವಾಪಸು ಕಳಿಸಿದ್ದರು!

2016ರ ನಾಮಕರಣದೊಂದಿಗೆ ಆವರ್ತ ಕೋಷ್ಟಕದ ಏಳನೆಯ ಸಾಲು ತುಂಬಿತು. ಸುದ್ದಿಯಾದದ್ದು ಈ ಸಂಖ್ಯೆಗಳೇ. ನನ್ನ ಕಣ್ಣಿಗೆ ಬೀಳುವುದು ಕೊರತೆ: 114ನೆಯ ಫ್ಲೆರೋವಿಯಂಗೆ 184 ನ್ಯೂಟ್ರಾನ್ ಮುಟ್ಟಲು ಇನ್ನೂ ಎಂಟಾದರೂ ಬೇಕು. 2024ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯ ಟೈಟಾನಿಯಂ-50 ಬಳಸಿ 22 ದಿನಗಳಲ್ಲಿ ಲಿವರ್ಮೋರಿಯಂನ ಎರಡು ಪರಮಾಣು ಪಡೆದದ್ದು 120ರ ಕಡೆಗಿನ ಹೆಜ್ಜೆ ನಿಜ, ಆದರೆ ಟೈಟಾನಿಯಂನಲ್ಲೂ ನ್ಯೂಟ್ರಾನ್ 28 ಅಷ್ಟೇ.

ಯಾವ ಜೋಡಿ, ಎಷ್ಟು ಶಕ್ತಿ ಎಂಬ ಲೆಕ್ಕ ನಮ್ಮಲ್ಲೂ ನಡೆದಿದೆ. ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿನಿಂದ ಎಚ್.ಸಿ. ಮಂಜುನಾಥ ಮತ್ತು ಸಂಗಡಿಗರು 118ರಾಚೆಯ ಧಾತುಗಳ ಬಗ್ಗೆ ಇಂಥ ಅಂದಾಜುಗಳನ್ನು ಪ್ರಕಟಿಸಿದ್ದಾರೆ. ಒಂದು ಮಾದರಿಗೂ ಇನ್ನೊಂದಕ್ಕೂ ಹತ್ತಾರು ಪಟ್ಟು ಅಂತರ ಬರುವ ಕ್ಷೇತ್ರವಿದು; ಒರೆಗೆ ಹಚ್ಚಲು ಯಂತ್ರವೇ ಬೇಕು. ನ್ಯೂಟ್ರಾನ್ ಹೆಚ್ಚಿರುವ ವಿಕಿರಣಶೀಲ ನ್ಯೂಕ್ಲಿಯಸ್ಸುಗಳನ್ನು ಹಾರಿಬಿಟ್ಟರೆ ಕೊರತೆ ತುಂಬೀತು. ಆದರೆ ಇಂದಿನ ಯಂತ್ರಗಳು ಅವನ್ನು ಕ್ಯಾಲ್ಸಿಯಂನಷ್ಟು ಧಾರಾಳವಾಗಿ ಹಾಯಿಸಲಾರವು.