ಯುದ್ಧವಿಮಾನಗಳು ಕಡಿಮೆ, ಕೆಲಸಗಳು ಹಲವು: ವಾಯುಪಡೆ ಹಂಚಿಕೆ ಮಾಡುವುದು ಹೇಗೆ?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳು ನಿವೃತ್ತಿಯಾದವು. ಇದರಿಂದ ಭಾರತೀಯ ವಾಯುಪಡೆಯ ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಸಂಖ್ಯೆ 29ಕ್ಕೆ ಇಳಿಯಿತು. ಮಂಜೂರಾದ ಸಂಖ್ಯೆ 42. 'ಒಂದು ಸ್ಕ್ವಾಡ್ರನ್‌ನಲ್ಲಿ 16ರಿಂದ 18 ವಿಮಾನ, ಒಟ್ಟು ಸುಮಾರು 500 ಇವೆಯಲ್ಲ, ಸಾಲದೇ?' ಎಂಬ ಪ್ರಶ್ನೆ ಸಹಜ. ಆದರೆ ಈ ಲೆಕ್ಕದಲ್ಲಿ ಕೆಲವು ತಪ್ಪು ಕಲ್ಪನೆಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇರುವ ವಿಮಾನಗಳೆಲ್ಲ ಹಾರಲು ಸಿದ್ಧ

ಯಾವುದೇ ದಿನ ಕೆಲವು ವಿಮಾನಗಳು ದುರಸ್ತಿಯಲ್ಲಿರುತ್ತವೆ, ಕೆಲವು ಬಿಡಿಭಾಗಕ್ಕೆ ಕಾಯುತ್ತಿರುತ್ತವೆ, ಕೆಲವು ತರಬೇತಿಗೆ ಬೇಕು. 18 ವಿಮಾನಗಳಲ್ಲಿ ಶೇ. 70ರಷ್ಟು ಸಿದ್ಧವಿವೆ ಎಂದುಕೊಂಡರೂ ಕೈಗೆ ಸಿಗುವುದು 12 ಮಾತ್ರ.

ಈಗ ಒಂದು ಸರಳ ಲೆಕ್ಕ ಮಾಡೋಣ. ಆಕಾಶದಲ್ಲಿ ದಿನದ 24 ಗಂಟೆಯೂ ಎರಡು ವಿಮಾನಗಳ ಕಾವಲು ಇರಬೇಕು. ಒಂದು ಜೋಡಿ ಎರಡು ಗಂಟೆ ನಿಲ್ಲಬಲ್ಲದು ಎಂದಾದರೆ ದಿನಕ್ಕೆ 12 ಪಾಳಿ, ಅಂದರೆ 24 ಹಾರಾಟ. ಒಂದು ವಿಮಾನ ದಿನಕ್ಕೆ ಎರಡು ಬಾರಿ ಹಾರಿದರೂ 12 ವಿಮಾನ ಬೇಕು. ಬರೀ ಎರಡು ವಿಮಾನಗಳ ಕಾವಲಿಗೆ ಇಡೀ ಸ್ಕ್ವಾಡ್ರನ್ ಮುಗಿದುಹೋಯಿತು!

ಇದಕ್ಕಾಗಿಯೇ ಶಾಂತಿಕಾಲದಲ್ಲಿ ವಿಮಾನಗಳನ್ನು ರನ್‌ವೇ ಪಕ್ಕದಲ್ಲಿ ಸಜ್ಜಾಗಿಟ್ಟು, ರೆಡಾರ್ ಎಚ್ಚರಿಕೆ ಬಂದಾಗ ಕೆಲವೇ ನಿಮಿಷಗಳಲ್ಲಿ ಮೇಲೇರಿಸುತ್ತಾರೆ. ಆಕಾಶದಲ್ಲೇ ಇಂಧನ ತುಂಬುವ ವಿಮಾನಗಳು ಕಾವಲಿನ ಅವಧಿಯನ್ನು ಹೆಚ್ಚಿಸುತ್ತವೆ. ಎಸ್-400ನಂಥ ಕ್ಷಿಪಣಿ ವ್ಯವಸ್ಥೆಗಳೂ ರಕ್ಷಣೆಯ ಹೊರೆಯನ್ನು ಹಂಚಿಕೊಳ್ಳುತ್ತವೆ.

ತಪ್ಪು ಕಲ್ಪನೆ 2: ಬಹುಪಾತ್ರ ವಿಮಾನ ಎಲ್ಲವನ್ನೂ ಒಟ್ಟಿಗೆ ಮಾಡುತ್ತದೆ

ರಫೇಲ್, ಸುಖೋಯ್-30, ತೇಜಸ್ ಹಲವು ಬಗೆಯ ಕೆಲಸ ಮಾಡಬಲ್ಲವು, ನಿಜ. ಆದರೆ ಒಂದು ವಿಮಾನ ಒಂದು ಸಮಯಕ್ಕೆ ಒಂದೇ ಕಡೆ ಇರುತ್ತದೆ. ಭಾರದ ಬಾಂಬ್ ಹೊತ್ತರೆ ವೇಗ, ಚುರುಕು ಎರಡೂ ತಗ್ಗುತ್ತವೆ. ಹೀಗಾಗಿ ದಾಳಿ ವಿಮಾನಕ್ಕೆ ಬೆಂಗಾವಲು ಬೇಕಾಗುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಮಿರಾಜ್-2000ಗಳು ಟೈಗರ್ ಹಿಲ್ ಮೇಲೆ ಲೇಸರ್ ನಿರ್ದೇಶಿತ ಬಾಂಬ್ ಹಾಕಿದವು. ಆ ಯುದ್ಧದಲ್ಲಿ ದಾಳಿ ವಿಮಾನಗಳಿಗೆ ಮಿಗ್-29ಗಳು ರಕ್ಷಣೆ ಕೊಟ್ಟವು.

ಭೌಗೋಳಿಕ ಹಂಚಿಕೆಯೂ ಮುಖ್ಯ. 36 ರಫೇಲ್‌ಗಳಿಗೆ ಎರಡು ನೆಲೆ: ಪಶ್ಚಿಮ ಗಡಿಯತ್ತ ಅಂಬಾಲಾ, ಪೂರ್ವದಲ್ಲಿ ಹಾಸಿಮಾರಾ.

ತಪ್ಪು ಕಲ್ಪನೆ 3: ಯುದ್ಧ ಬಂದರೆ ಎಲ್ಲವನ್ನೂ ಮುಂಚೂಣಿಗೆ ಕಳಿಸಬೇಕು

1940ರ ಮೇ ತಿಂಗಳಲ್ಲಿ ಜರ್ಮನಿಯ ದಾಳಿಗೆ ಸಿಲುಕಿದ ಫ್ರಾನ್ಸ್, ಬ್ರಿಟನ್ನಿನಿಂದ ಹೆಚ್ಚು ಯುದ್ಧವಿಮಾನ ಕೇಳಿತು. ಬ್ರಿಟನ್ನಿನ ಫೈಟರ್ ಕಮಾಂಡ್ ಮುಖ್ಯಸ್ಥ ಹ್ಯೂ ಡೌಡಿಂಗ್ ಮೇ 16ರಂದು ಸರ್ಕಾರಕ್ಕೆ ಪತ್ರ ಬರೆದರು: ದೇಶದ ರಕ್ಷಣೆಗೆ 52 ಸ್ಕ್ವಾಡ್ರನ್ ಬೇಕೆಂದು ಅಂದಾಜಿಸಲಾಗಿತ್ತು, ಉಳಿದಿರುವುದು 36. ಮಿತ್ರದೇಶ ಸೋಲುತ್ತಿರುವಾಗ 'ಇನ್ನು ಕೊಡಲಾಗದು' ಎನ್ನುವುದು ಕಠಿಣ ನಿಲುವು. ಆದರೆ ಆ ಬೇಸಿಗೆಯಲ್ಲೇ ಬ್ರಿಟನ್ ಮೇಲೆ ವಾಯುದಾಳಿ ಶುರುವಾದಾಗ, ಉಳಿಸಿಕೊಂಡ ವಿಮಾನಗಳೇ ದೇಶವನ್ನು ಕಾಯ್ದವು.

ಬೆಂಗಳೂರಿನ ಪಾತ್ರವೇನು?

ಕೊರತೆ ತುಂಬುವ ಹೊಣೆ ಬಹುಪಾಲು ಬೆಂಗಳೂರಿನ ಎಚ್‌ಎಎಲ್ ಮೇಲಿದೆ. 2021ರಲ್ಲಿ 83, 2025ರಲ್ಲಿ ಮತ್ತೆ 97 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಗಿದೆ. ಅಮೆರಿಕದಿಂದ ಬರಬೇಕಾದ ಎಂಜಿನ್‌ಗಳು ತಡವಾದದ್ದೂ ಪೂರೈಕೆ ಹಿಂದೆ ಬೀಳಲು ಒಂದು ಕಾರಣ.

ಕೊನೆಯದಾಗಿ

ವಾಯುಪಡೆಯ ಬಲವನ್ನು ವಿಮಾನಗಳ ತಲೆ ಎಣಿಸಿ ಅಳೆಯಲಾಗದು. ಎಷ್ಟು ವಿಮಾನ ಇಂದು ಹಾರಬಲ್ಲವು, ಎಷ್ಟು ಪೈಲಟ್‌ಗಳು ಸಿದ್ಧರಿದ್ದಾರೆ, ಒಂದು ಕಡೆ ಕಳಿಸಿದರೆ ಇನ್ನೊಂದು ಕಡೆ ಏನು ಖಾಲಿಯಾಗುತ್ತದೆ ಎಂಬುದನ್ನೂ ನೋಡಬೇಕು. ಮುಂದಿನ ಬಾರಿ ಸುದ್ದಿಯಲ್ಲಿ ಎರಡು ದೇಶಗಳ ವಿಮಾನಗಳ ಹೋಲಿಕೆ ಪಟ್ಟಿ ಕಂಡಾಗ ಈ ಪ್ರಶ್ನೆಗಳನ್ನೂ ಕೇಳಿಕೊಳ್ಳೋಣ.