ಒಂದು ಕ್ಯೂಬ್, ಒಂದು ಕೋತಿ, ಒಂದು ಲಕ್ಷ ಯೂರೋ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಇವತ್ತಿನ ಇತಿಹಾಸವನ್ನು ಒಂದು ಹಳೇ ಜೋಕಿನಿಂದ ಶುರು ಮಾಡೋಣ.

ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್ ತೆರೆದ ಕೂಡಲೇ ಪರದೆಯ ಮಧ್ಯೆ ಬೂದು ಬಣ್ಣದ ಒಂದು ಕ್ಯೂಬ್ ಕಾಣುತ್ತೆ. ನೀವು ಕಾರು ಮಾಡಿ, ದೇವಸ್ಥಾನ ಮಾಡಿ, ಡ್ರ್ಯಾಗನ್ನೇ ಮಾಡಿ, ಬಹುತೇಕರ ಮೊದಲ ಕೆಲಸ ಒಂದೇ: ಆ ಪಾಪದ ಕ್ಯೂಬನ್ನು ಡಿಲೀಟ್ ಮಾಡೋದು. ಯಾರಾದರೂ ಹೊಸಬರು ಬಂದು 'ನನ್ನ ಮಾಡೆಲ್ ಯಾಕೋ ಸರಿ ಬರ್ತಿಲ್ಲ' ಅಂದರೆ 'ಮೊದಲು ಕ್ಯೂಬ್ ಡಿಲೀಟ್ ಮಾಡಿದ್ಯಾ?' ಅಂತ ಕಾಲೆಳೀತಾರೆ. ನಿಜವಾದ ಉತ್ತರ ಆಮೇಲೆ ಬರುತ್ತೆ. ಆದರೆ ಬಂದೇ ಬರುತ್ತೆ.

ನನಗೂ ಹಾಗೇ ಆಯ್ತು. ನಾನು ಮೊದಲು ಮಾಡೋಕೆ ಹೊರಟಿದ್ದು ಫಿಲ್ಟರ್ ಕಾಫಿಯ ಲೋಟ. ಒಂದು ಸಿಲಿಂಡರ್ ತಗೊಂಡು ಉದ್ದಕ್ಕೆ ಎಳೆದೆ, ಅಂಚು ದುಂಡಗಾಗಲಿ ಅಂತ ಬೆವೆಲ್ ಹಾಕಿದೆ. ಅಂಚು ಸೊಟ್ಟಗೆ, ಉದ್ದುದ್ದಕ್ಕೆ ಜಗ್ಗಿದ ಹಾಗೆ ಬಂತು. ಮೂರು ರಾತ್ರಿ ಒದ್ದಾಡಿ ಕೊನೆಗೆ ಚಿತ್ರ ಹಾಕಿ ಕೇಳಿದೆ. ಮುಖ ಪರಿಚಯವೇ ಇಲ್ಲದ ಒಬ್ಬರು 'ಈ ಲೋಟದ ಮೇಲೆ ಆನೆ ಕೂತಿತ್ತಾ?' ಅಂತ ನಕ್ಕರು. ಮುಂದಿನ ಸಾಲಲ್ಲೇ ಮದ್ದೂ ಇತ್ತು: ಆಬ್ಜೆಕ್ಟ್ ಮೋಡ್‌ನಲ್ಲಿ ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡು, ಆಮೇಲೆ ಬೆವೆಲ್ ಹಾಕು.

ಕಾರಣ ಸರಳ. ನಾನು ಎಳೆದಾಗ ಲೋಟ ಕಣ್ಣಿಗೆ ಉದ್ದ ಕಂಡಿತ್ತು, ಆದರೆ ಒಳಗಿನ ಲೆಕ್ಕ ಹಳೇ ಅಳತೆಯಲ್ಲೇ ಇತ್ತು. ಬೆವೆಲ್ ಆ ಹಳೇ ಅಳತೆಯ ಮೇಲೆ ನಡೆದು, ಲೋಟದ ಜೊತೆ ತಾನೂ ಜಗ್ಗಿಹೋಗಿತ್ತು. ಒಂದು ಸೆಕೆಂಡಿನಲ್ಲಿ ಸರಿಯಾಯ್ತು. ಹೇಳಿಕೊಟ್ಟವರಿಗೆ ಇದರಿಂದ ಬಂದದ್ದೇನು? ಒಂದು ನಗು, ಅಷ್ಟೇ.

ಈ ನಗುವಿನ ಸ್ನೇಹಕ್ಕೆ ಬೆಲೆ ಎಷ್ಟು ಅಂತ 2002ರಲ್ಲಿ ಒಮ್ಮೆ ಲೆಕ್ಕ ಹಾಕಬೇಕಾಗಿ ಬಂತು. ಆ ಕಥೆ ಕೇಳಿ.

ನೆದರ್ಲೆಂಡ್ಸ್‌ನಲ್ಲಿ ನಿಯೋಜಿಯೋ ಅಂತ ಒಂದು ಅನಿಮೇಷನ್ ಸ್ಟುಡಿಯೋ ಇತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಟಾನ್ ರೂಸೆಂಡಾಲ್ 1994ರಲ್ಲಿ ಸ್ಟುಡಿಯೋದ ಸ್ವಂತ ಬಳಕೆಗೆ ಬ್ಲೆಂಡರ್ ಬರೆಯಲು ಶುರು ಮಾಡಿದರು. 1998ರಲ್ಲಿ 'ನಾಟ್ ಎ ನಂಬರ್' ಅನ್ನೋ ಕಂಪನಿ ಹುಟ್ಟಿತು. ಬ್ಲೆಂಡರನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಿತ್ತು. ಹೂಡಿಕೆದಾರರ ಹಣ ಬಂತು, ಹೋಯ್ತು. 2002ರ ಹೊತ್ತಿಗೆ ಕಂಪನಿ ಬಾಗಿಲು ಮುಚ್ಚಿತು.

'ಸಾಫ್ಟ್‌ವೇರ್ ಆಗಲೇ ಕಂಪ್ಯೂಟರಲ್ಲಿ ಇತ್ತಲ್ಲ, ಇನ್ನೇನು ಚಿಂತೆ?' ಅಂತೀರಾ? ಒಂದು ಹೋಟೆಲಲ್ಲಿ ದಿನಾ ಪುಕ್ಕಟೆ ದೋಸೆ ಸಿಗ್ತಿತ್ತು ಅಂದ್ಕೊಳ್ಳಿ. ಹಿಟ್ಟಿನ ಹದ ಮಾತ್ರ ಅಡುಗೆಮನೆಯ ಗುಟ್ಟು. ಹೋಟೆಲ್ ಮುಚ್ಚಿದರೆ ತಟ್ಟೆಯಲ್ಲಿ ಉಳಿದ ದೋಸೆ ಎಷ್ಟು ದಿನ ಬಂದೀತು? ಬ್ಲೆಂಡರಿನ ಮೂಲ ಕೋಡ್ ಬೀಗದೊಳಗಿತ್ತು. ದೋಷ ತಿದ್ದೋರಿಲ್ಲ, ಹೊಸ ಆವೃತ್ತಿ ಇಲ್ಲ. ಅದರ ಜೊತೆಗೆ ಸಾವಿರಾರು ಜನ ಒಬ್ಬರಿಗೊಬ್ಬರು ಹೇಳಿಕೊಟ್ಟ ಕೈಚಳಕವೂ ಸಾಯ್ತಿತ್ತು. ಜಿ ಒತ್ತಿದರೆ ಸರಿಯುತ್ತೆ, ಆರ್ ಒತ್ತಿದರೆ ತಿರುಗುತ್ತೆ, ಎಸ್ ಒತ್ತಿದರೆ ಹಿಗ್ಗುತ್ತೆ ಅನ್ನೋದು ಬೆರಳಿಗೆ ಬಂದ ವಿದ್ಯೆ. ಉಪಕರಣವೇ ಹೋದರೆ ಆ ಟಿಪ್ಸ್ ಕಟ್ಟಿಕೊಂಡು ಏನು ಮಾಡೋದು?

ರೂಸೆಂಡಾಲ್ ಬ್ಲೆಂಡರ್ ಫೌಂಡೇಶನ್ ಕಟ್ಟಿ ಹೂಡಿಕೆದಾರರ ಜೊತೆ ಮಾತಾಡಿದರು. ಒಂದು ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಡುಗಡೆ ಅಂತ ತೀರ್ಮಾನವಾಯ್ತು. 2002ರ ಜುಲೈ 18ರಂದು ಚಂದಾ ಎತ್ತೋಕೆ ಶುರು. ಏಳೇ ವಾರದಲ್ಲಿ ಹಣ ಸೇರಿತು! ಆ ವರ್ಷ ಅಕ್ಟೋಬರ್ 13ರಂದು ಕೋಡ್ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರ ಕೈಗೆ ಬಂತು.

ಕಂಪನಿ ಮುಳುಗುವ ಹೊತ್ತಿಗೆ ಒಳಗಿದ್ದವರು ಒಂದು ತರಲೆಯನ್ನೂ ಮಾಡಿದ್ದರು. 2.25ನೇ ಆವೃತ್ತಿಯಲ್ಲಿ, ಹೋಗೋ ಮುಂಚಿನ ಸಹಿ ಹಾಕಿದ ಹಾಗೆ, ಒಂದು ಕೋತಿಯ ತಲೆಯನ್ನು ಸೇರಿಸಿಟ್ಟರು. ಹೆಸರು ಸುಜ಼ಾನ್, ಹಾಲಿವುಡ್ ಸಿನಿಮಾ ಒಂದರ ಒರಾಂಗುಟಾನ್‌ದು. ಇವತ್ತು ಹೊಸ ಬಣ್ಣ, ಹೊಸ ಬೆಳಕು ಪರೀಕ್ಷೆ ಮಾಡೋಕೆ ಜಗತ್ತಿನ ಹವ್ಯಾಸಿಗಳು ಮೊದಲು ಎಳ್ಕೊಂಡು ಬರೋದು ಇವಳನ್ನೇ. ಬ್ಲೆಂಡರ್ ಸಮಾವೇಶದ ಪ್ರಶಸ್ತಿಯೂ ಇವಳ ಹೆಸರಲ್ಲೇ.

ಈ ಕೋತಿಗೂ ಒಬ್ಬಳು ಅಜ್ಜಿ ಇದ್ದಾಳೆ. ಅದು ಒಂದು ಟೀ ಪಾಟ್. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್‌ಗೆ ಕಂಪ್ಯೂಟರಲ್ಲಿ ಮೂಡಿಸೋಕೆ ಒಂದು ಆಕಾರ ಬೇಕಿತ್ತು. ಮನೆಯ ಟೀ ಸೆಟ್ಟೇ ಆಗಲಿ ಅಂತ ಹೆಂಡತಿ ಸೂಚಿಸಿದರು. ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಅಂಕಿಗಳನ್ನಾಗಿ ಮಾಡಿದ್ದಾಯ್ತು. ಆ ಅಂಕಿಗಳು ಬೇರೆಯವರ ಕೈಗೂ ಸಿಕ್ಕಿ, ಟೀ ಪಾಟ್ ಲ್ಯಾಬಿಂದ ಲ್ಯಾಬಿಗೆ ನಡೀತು. ಹಂಚಿಕೊಳ್ಳೋ ಚಾಳಿ ಅಷ್ಟು ಹಳೆಯದು.

ಹಾಗಂತ ಇಲ್ಲಿ ಎಲ್ಲರೂ ಸದಾ ಒಮ್ಮತ ಅಂದ್ಕೋಬೇಡಿ. ಬ್ಲೆಂಡರಲ್ಲಿ ವಸ್ತುವನ್ನು ಆರಿಸೋಕೆ ಮೌಸಿನ ಬಲಗುಂಡಿ ಒತ್ತಬೇಕಿತ್ತು. 2019ರ 2.80 ಆವೃತ್ತಿಯಲ್ಲಿ ಅದು ಎಡಗುಂಡಿಗೆ ಬದಲಾಯ್ತು. ಹಳಬರು ಇವತ್ತಿಗೂ 'ಬಲಗುಂಡಿಯೇ ಸರಿ' ಅಂತ ಗೊಣಗ್ತಾರೆ. ಗೊಣಗ್ತಾನೇ ಹೊಸಬರಿಗೆ ಉತ್ತರ ಹೇಳ್ತಾರೆ.

2025ರಲ್ಲಿ ಲಾಟ್ವಿಯಾದ ಗಿಂಟ್ಸ್ ಜ಼ಿಲ್ಬಲೋಡಿಸ್ ನಿರ್ದೇಶಿಸಿದ 'ಫ್ಲೋ' ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ಒಂದು ಬೆಕ್ಕಿನ ಕಥೆ, ಮಾತೇ ಇಲ್ಲ. ಮಾಡಿದ್ದು ಬ್ಲೆಂಡರಲ್ಲಿ. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು 2002ರಲ್ಲಿ ಐದೋ ಐವತ್ತೋ ಯೂರೋ ಹಾಕಿದ ಹವ್ಯಾಸಿಗಳು. ಅವರು ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಮೊನ್ನೆ ಒಬ್ಬ ಹುಡುಗ ನನ್ನನ್ನೇ ಕೇಳಿದ: 'ಅಣ್ಣಾ, ಬೆವೆಲ್ ಸೊಟ್ಟಗೆ ಬರ್ತಿದೆ, ಏನ್ ಮಾಡ್ಲಿ?' ಸಾಲ ತೀರಿಸೋ ಸಮಯ ಬಂತು ಅನ್ನಿಸ್ತು. ಕಂಟ್ರೋಲ್ ಎ ಹೇಳಿಕೊಟ್ಟೆ. ಅದಕ್ಕೂ ಮುಂಚೆ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು, ಕೇಳಿದೆ: 'ಕ್ಯೂಬ್ ಡಿಲೀಟ್ ಮಾಡಿದ್ಯಾ?'

ಮತ್ತೆ ಸಿಗೋಣ.